ಓಡುತ್ತಿರುವ ಪ್ರೋಗ್ರಾಂಗೆ ಯುಪ್ರೋಬ್ ಹಾಕಿದರೆ ಸರ್ವರ್ ಬೀಳುತ್ತಾ?

ಪ್ರಶ್ನೆ: ಹಾಸನದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನ ಮೇಲೇ ಇದೆ. ವೇಬ್ರಿಜ್‌ನಲ್ಲಿ ಲಾರಿ ತೂಗಿ ಚೀಟಿ ಕೊಡುವ ಪ್ರೋಗ್ರಾಂ ಸಿ ಪ್ಲಸ್ ಪ್ಲಸ್‌ನಲ್ಲಿದೆ. ಬರೆದವರು ಬಿಟ್ಟು ಹೋಗಿದ್ದಾರೆ. ಸೋರ್ಸ್ ಕೋಡ್ ಇದೆ, ಆದರೆ ಓಡುತ್ತಿರುವುದು ಅದೇ ಅಂತ ಗ್ಯಾರಂಟಿ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಸರ್ವರ್ ಉಬುಂಟು 20.04, ಕರ್ನೆಲ್ 5.4. ಸೀಸನ್‌ನಲ್ಲಿ ಸಂಜೆ ಲಾರಿ ಸಾಲು ನಿಂತಾಗ ಚೀಟಿ ಬರೋದು ಇದ್ದಕ್ಕಿದ್ದ ಹಾಗೆ ಎಂಟು ಹತ್ತು ಸೆಕೆಂಡ್ ನಿಂತುಬಿಡುತ್ತೆ. ಆಗ ಸಿಪಿಯು ನೋಡಿದರೆ ಖಾಲಿ. ಬೆಂಗಳೂರಿನ ಗೆಳೆಯನೊಬ್ಬ ‘ಬಿಪಿಎಫ್‌ಟ್ರೇಸ್‌ನಲ್ಲಿ ಯುಪ್ರೋಬ್ ಹಾಕು, ಎಲ್ಲಿ ಕಾಯ್ತಿದೆ ಅಂತ ಗೊತ್ತಾಗುತ್ತೆ’ ಅಂದ. ಮಾಲೀಕರು ‘ಕರ್ನೆಲ್‌ಗೆ ಕೈ ಹಾಕೋದೆಲ್ಲ ಸೀಸನ್ ಮುಗಿದ ಮೇಲೆ’ ಅಂತಾರೆ. ಸೀಸನ್ ಮುಗಿದ ಮೇಲೆ ಈ ತೊಂದರೆಯೇ ಬರಲ್ಲ! ಪ್ರೋಬ್ ಹಾಕಿದರೆ ಪ್ರೋಗ್ರಾಂ ಫೈಲ್ ಬದಲಾಗುತ್ತಾ? ಸಾಲಿನ ಮಧ್ಯೆ ಕ್ರ್ಯಾಶ್ ಆಗುತ್ತಾ? ಬೆಳೆಗಾರರಿಗೆ ಎಸ್‌ಎಂಎಸ್ ಕಳಿಸುವ ಇನ್ನೊಂದು ಸರ್ವಿಸ್ ಗೋ ಭಾಷೆಯಲ್ಲಿದೆ, ಅದಕ್ಕೂ ಹಾಕಬಹುದಾ? ಕೆಲಸ ಮುಗಿದ ಮೇಲೆ ರೀಸ್ಟಾರ್ಟ್ ಮಾಡಬೇಕಾ?

ಉತ್ತರ: ಸಿಪಿಯು ಖಾಲಿ, ಆದರೂ ಚೀಟಿ ಬರುತ್ತಿಲ್ಲ. ಅಂದರೆ ಪ್ರೋಗ್ರಾಂ ಯಾವುದಕ್ಕೋ ಕಾಯುತ್ತಾ ಕೂತಿದೆ. ಡೇಟಾಬೇಸ್ ಉತ್ತರಕ್ಕೋ, ವೇಬ್ರಿಜ್ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ಬರಬೇಕಾದ ತೂಕಕ್ಕೋ, ಪ್ರಿಂಟರ್‌ಗೋ, ಅಥವಾ ತನ್ನದೇ ಇನ್ನೊಂದು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಹಿಡಿದುಕೊಂಡಿರುವ ಲಾಕ್‌ಗೋ. ಯಾವುದಕ್ಕೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ.

ನಿಮ್ಮ ಗೆಳೆಯ ತೋರಿಸಿದ ದಾರಿ ಸರಿಯಾಗಿದೆ. ಯುಪ್ರೋಬ್ ಅಂದರೆ ಓಡುತ್ತಿರುವ ಪ್ರೋಗ್ರಾಂನ ಒಂದು ಫಂಕ್ಷನ್ ಮೇಲೆ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಇಡುವ ಕಾವಲು; ಪ್ರೋಗ್ರಾಂ ಅಲ್ಲಿಗೆ ಬಂದಾಗಲೆಲ್ಲ ನಮಗೆ ತಿಳಿಯುತ್ತದೆ. ಬಿಪಿಎಫ್‌ಟ್ರೇಸ್ ಆ ಕಾವಲು ಹಾಕಿ, ಸಿಕ್ಕಿದ್ದನ್ನು ತೋರಿಸುವ ಟೂಲ್. ಮಾಲೀಕರ ಭಯವನ್ನೂ ತಳ್ಳಿಹಾಕುವಂತಿಲ್ಲ. ಗೇಟಿನಾಚೆ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದ ಲಾರಿಗಳು ನಿಂತಿರುವಾಗ ತೂಕದ ಚೀಟಿ ನಿಂತರೆ ಬೈಗುಳ ತಿನ್ನುವವರು ಅವರೇ ಅಲ್ವಾ. ಆದರೆ ಅವರು ಹೆದರುತ್ತಿರುವ ಜಾಗ ಬೇರೆ, ಹೆದರಬೇಕಾದ ಜಾಗ ಬೇರೆ. ಯುಪ್ರೋಬ್‌ನಿಂದ ಕರ್ನೆಲ್ಲೇ ಬಿದ್ದದ್ದನ್ನು ನಾನು ಕೆಲಸದಲ್ಲಿ ನೋಡಿದ್ದು ತೀರಾ ಅಪರೂಪ. ಜನ ಏಟು ತಿನ್ನುವುದು ಎರಡು ಕಡೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಓಡುವ ಫಂಕ್ಷನ್ ಮೇಲೆ ಪ್ರೋಬ್ ಇಡುತ್ತಾರೆ. ಇಲ್ಲವೇ ರಿಟರ್ನ್ ಪ್ರೋಬನ್ನು ಇಡಬಾರದ ಕಡೆ ಇಡುತ್ತಾರೆ.

ಕರ್ನೆಲ್‌ಗೆ ಕೈ ಹಾಕಿದಂತೆಯೇ?

ಯುಪ್ರೋಬ್ ಲಿನಕ್ಸ್ ಕರ್ನೆಲ್‌ನ ಒಳಗೇ ಇರುವ ಸೌಲಭ್ಯ. ಹೊರಗಿನಿಂದ ಮಾಡ್ಯೂಲ್ ತಂದು ತುರುಕುವ ಕೆಲಸ ಇಲ್ಲ. ಮೊದಲು ಇದು ಸಿಸ್ಟಮ್‌ಟ್ಯಾಪ್ ಅನ್ನುವ ಟ್ರೇಸಿಂಗ್ ಟೂಲ್ ಜೊತೆ ಹೊರಗೇ ಓಡಾಡಿಕೊಂಡಿತ್ತು. ಐಬಿಎಂನ ಶ್ರೀಕರ್ ದ್ರೋಣಂರಾಜು, ಜಿಮ್ ಕೆನಿಸ್ಟನ್ ಮತ್ತು ಇನ್ನೂ ಹಲವರು ವರ್ಷಗಟ್ಟಲೆ ತಿದ್ದಿ ತೀಡಿದ ಮೇಲೆ 2012ರಲ್ಲಿ ಲಿನಕ್ಸ್ 3.5ಕ್ಕೆ ಸೇರಿತು. ಫಂಕ್ಷನ್ ಮುಗಿಯುವ ಹೊತ್ತನ್ನು ಹಿಡಿಯುವ ರಿಟರ್ನ್ ಪ್ರೋಬ್ 2013ರ 3.10ರಲ್ಲಿ ಬಂತು. ನಿಮ್ಮ 5.4ರ ಹೊತ್ತಿಗೆ ಇದು ಹಳೆಯ ಸಾಮಾನು. ಇಂಥ ವಿಷಯದಲ್ಲಿ ಹಳೆಯದಾದಷ್ಟೂ ಒಳ್ಳೆಯದು.

ಇನ್ನು ಫೈಲ್ ಬದಲಾಗುತ್ತಾ ಅನ್ನುವ ಪ್ರಶ್ನೆ. ಪ್ರೋಬ್ ಹಾಕುವಾಗ ಕರ್ನೆಲ್‌ಗೆ ಕೊಡುವುದು ಎರಡೇ ಸಂಗತಿ. ಯಾವ ಫೈಲ್, ಮತ್ತು ಆ ಫೈಲಿನ ಮೊದಲಿನಿಂದ ಎಷ್ಟನೇ ಬೈಟ್ (ಇದಕ್ಕೆ ಆಫ್‌ಸೆಟ್ ಅಂತಾರೆ). ಆ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡಿರುವ ಪ್ರೊಸೆಸ್‌ಗಳನ್ನು ಕರ್ನೆಲ್ ಹುಡುಕುತ್ತದೆ. ಆ ಜಾಗದ ಇನ್‌ಸ್ಟ್ರಕ್ಷನ್‌ನ ಮೊದಲ ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ ಬ್ರೇಕ್‌ಪಾಯಿಂಟ್ ಬರೆಯುತ್ತದೆ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಇದು ಒಂದೇ ಬೈಟ್‌ನ ಇಂಟ್3 ಇನ್‌ಸ್ಟ್ರಕ್ಷನ್. ಬರೆಯುವ ಮೊದಲು ಆ 4 ಕೆಬಿ ಪುಟದ ಒಂದು ಖಾಸಗಿ ನಕಲು ಮಾಡಿಕೊಳ್ಳುತ್ತದೆ. ಬರೆಯುವುದು ಆ ನಕಲಿನ ಮೇಲೆ. ಪಹಣಿಯ ಜೆರಾಕ್ಸ್ ಮೇಲೆ ಪೆನ್ಸಿಲ್ ಗುರುತು ಹಾಕಿದರೆ ನಾಡಕಚೇರಿಯ ದಾಖಲೆಗೆ ಏನೂ ಆಗಲ್ಲ, ಹಾಗೆ. ಡಿಸ್ಕ್‌ನಲ್ಲಿರುವ ಫೈಲ್ ಒಂದಿಷ್ಟೂ ಬದಲಾಗುವುದಿಲ್ಲ. ಬೇಕಾದರೆ ಪ್ರೋಬ್ ಹಾಕುವ ಮೊದಲು, ಹಾಕಿದ ಮೇಲೆ ಚೆಕ್‌ಸಮ್ ತೆಗೆದು ಮಾಲೀಕರಿಗೆ ತೋರಿಸಿ. ಎರಡೂ ಒಂದೇ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕರ್ನೆಲ್ ಫೈಲನ್ನು ಗುರುತಿಟ್ಟುಕೊಳ್ಳುವುದು ಇನೋಡ್‌ನಿಂದ (ಡಿಸ್ಕ್‌ನಲ್ಲಿ ಆ ಫೈಲಿಗಿರುವ ದಾಖಲೆ), ಹೆಸರಿನಿಂದಲ್ಲ. ಪ್ರೋಬ್ ಹಾಕಿದ ಮೇಲೆ ಯಾರಾದರೂ ಆ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಅದೇ ಹೆಸರಿನಲ್ಲಿ ಹೊಸ ಇನೋಡ್‌ನ ಫೈಲ್ ಬಂದು ಕೂರುತ್ತದೆ. ಸರ್ವಿಸ್ ರೀಸ್ಟಾರ್ಟ್ ಆದರೆ ಅದು ಹೊಸ ಫೈಲ್ ಎತ್ತಿಕೊಳ್ಳುತ್ತದೆ. ನಿಮ್ಮ ಪ್ರೋಬ್ ಹಳೆಯ ಇನೋಡ್ ಮೇಲೆ ಸುಮ್ನೆ ಕೂತಿರುತ್ತದೆ. ಪರದೆ ಮೇಲೆ ಏನೂ ಬರಲ್ಲ, ನೀವು ‘ಓ, ತೊಂದರೆ ಇಲ್ಲಿಲ್ಲ’ ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಕ್ರ್ಯಾಶ್‌ಗಿಂತ ಈ ಮೌನವೇ ಜಾಸ್ತಿ ದಿನ ತಿನ್ನುತ್ತದೆ. ಟ್ರೇಸ್ ಮಾಡುವ ವಾರ ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿಡಿ.

ಒಂದು ಸಲ ಪ್ರೋಬ್ ತಾಗಿದಾಗ ಒಳಗೆ ಆಗುವುದು

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಪಾಯ ಎಷ್ಟು, ಎಲ್ಲಿ ಅನ್ನುವುದೆಲ್ಲ ಇದರಲ್ಲೇ ಇದೆ.

ಪ್ರೋಗ್ರಾಂನ ಒಂದು ಥ್ರೆಡ್ ಆ ಫಂಕ್ಷನ್‌ಗೆ ಬಂತು ಅಂದುಕೊಳ್ಳಿ. ಮೊದಲ ಇನ್‌ಸ್ಟ್ರಕ್ಷನ್ ಇದ್ದ ಜಾಗದಲ್ಲಿ ಇಂಟ್3 ಇದೆ. ಪ್ರೊಸೆಸರ್ ಎಕ್ಸೆಪ್ಷನ್ ಎಬ್ಬಿಸಿ ಕರ್ನೆಲ್‌ಗೆ ಹಾರುತ್ತದೆ. ಎಕ್ಸೆಪ್ಷನ್ ಹ್ಯಾಂಡ್ಲರ್ ಅಲ್ಲೇ ಕೂತು ಕೆಲಸ ಮಾಡುವುದಿಲ್ಲ. ‘ಈ ಥ್ರೆಡ್‌ಗೆ ಯುಪ್ರೋಬ್ ಬಾಕಿ ಇದೆ’ ಅಂತ ಒಂದು ಫ್ಲ್ಯಾಗ್ ಹಾಕಿ ಹೊರಡುತ್ತದೆ, ಅಷ್ಟೇ. ಥ್ರೆಡ್ ಯೂಸರ್ ಮೋಡ್‌ಗೆ ವಾಪಸ್ ಹೋಗುವ ಹೊಸ್ತಿಲಲ್ಲಿ ಕರ್ನೆಲ್ ಆ ಫ್ಲ್ಯಾಗ್ ನೋಡಿ, ಇನೋಡ್ ಮತ್ತು ಆಫ್‌ಸೆಟ್ ಹಿಡಿದು ಪ್ರೋಬನ್ನು ಹುಡುಕಿ, ನಿಮ್ಮ ಹ್ಯಾಂಡ್ಲರನ್ನು (ಪ್ರೋಬ್ ತಾಗಿದಾಗ ಓಡಲಿ ಅಂತ ನೀವು ಕೊಟ್ಟ ಸಣ್ಣ ಕೋಡ್) ಓಡಿಸುತ್ತದೆ. ಈ ಜಾಗದಲ್ಲಿ ಕರ್ನೆಲ್ ನಿದ್ದೆ ಹೋಗಬಹುದು, ಪೇಜ್ ಫಾಲ್ಟ್ ಆದರೂ ತಡೆದುಕೊಳ್ಳುತ್ತದೆ. ಕರ್ನೆಲ್ ಫಂಕ್ಷನ್‌ಗಳಿಗೆ ಹಾಕುವ ಕೆಪ್ರೋಬ್‌ಗೆ ಈ ಸ್ವಾತಂತ್ರ್ಯ ಇಲ್ಲ. ಅದು ಲಾಕ್ ಹಿಡಿದ ಮಧ್ಯೆಯೂ ಬಡಿಯಬಹುದು. ಯುಪ್ರೋಬ್ ಅದಕ್ಕಿಂತ ಸಾಧುವಾಗಿರುವುದಕ್ಕೆ ದೊಡ್ಡ ಕಾರಣ ಇದೇ.

ಆಮೇಲೆ ಎತ್ತಿಟ್ಟ ಮೂಲ ಇನ್‌ಸ್ಟ್ರಕ್ಷನ್ ಓಡಬೇಕಲ್ಲ. ಇಂಟ್3 ತೆಗೆದು, ಮೂಲದ್ದನ್ನು ಓಡಿಸಿ, ಮತ್ತೆ ಇಂಟ್3 ಹಾಕುವುದು ಒಂದು ದಾರಿ. ಹಾಗೆ ಮಾಡಿದರೆ ಆ ಸಣ್ಣ ಸಂದಿಯಲ್ಲಿ ಇನ್ನೊಂದು ಥ್ರೆಡ್ ಪ್ರೋಬ್ ತಾಗದೆಯೇ ದಾಟಿ ಹೋಗುತ್ತದೆ. ಅದಕ್ಕೆ ಕರ್ನೆಲ್ ಬೇರೆ ಉಪಾಯ ಮಾಡುತ್ತದೆ. ಪ್ರೊಸೆಸ್‌ನ ಮೆಮೊರಿಯಲ್ಲಿ ಒಂದು ಪುಟ ತನಗಾಗಿ ಮಾಡಿಕೊಂಡು, ಮೂಲ ಇನ್‌ಸ್ಟ್ರಕ್ಷನ್‌ನ ನಕಲನ್ನು ಅಲ್ಲಿಟ್ಟು, ಒಂದೇ ಹೆಜ್ಜೆ ಓಡಿಸಿ, ಮತ್ತೊಂದು ಎಕ್ಸೆಪ್ಷನ್‌ನಿಂದ ವಾಪಸ್ ಹಿಡಿದು, ಮುಂದಿನ ವಿಳಾಸಕ್ಕೆ ಕಳಿಸುತ್ತದೆ. ಇನ್‌ಸ್ಟ್ರಕ್ಷನ್ ‘ನನ್ನಿಂದ ಇಷ್ಟು ದೂರದ ಮೆಮೊರಿ ಓದು’ ಅನ್ನುವಂಥದ್ದಾಗಿದ್ದರೆ ಜಾಗ ಬದಲಾದಾಗ ಲೆಕ್ಕ ತಪ್ಪುತ್ತದೆ. ಅದನ್ನೂ ಮೊದಲೇ ನೋಡಿ ಸರಿಪಡಿಸಿರುತ್ತದೆ. ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಬಗೆ) ಆ ಪುಟದಲ್ಲಿ 32 ಸ್ಲಾಟ್ ಇವೆ, ಒಂದೊಂದು 128 ಬೈಟ್. ಪುಷ್, ನಾಪ್, ಜಂಪ್‌ನಂಥ ಸರಳ ಇನ್‌ಸ್ಟ್ರಕ್ಷನ್ ಆದರೆ ಈ ಪುಟದ ತನಕ ಹೋಗುವುದೇ ಬೇಡ, ಕರ್ನೆಲ್ ತಾನೇ ಅದರ ಪರಿಣಾಮವನ್ನು ಮಾಡಿ ಮುಗಿಸುತ್ತದೆ.

ಗಮನಿಸಿ, ಇಷ್ಟರಲ್ಲಿ ಎಲ್ಲೂ ಇಡೀ ಪ್ರೋಗ್ರಾಂ ನಿಂತಿಲ್ಲ. ಪ್ರೋಬ್ ತಾಗಿದ ಒಂದು ಥ್ರೆಡ್ ಮಾತ್ರ ಸ್ವಲ್ಪ ತಡವಾಯಿತು. ಜಿಡಿಬಿ ಅನ್ನುವ ಡೀಬಗರ್ ಕೂಡ ಇದೇ ಇಂಟ್3 ಬಳಸುತ್ತದೆ. ಆದರೆ ಬ್ರೇಕ್‌ಪಾಯಿಂಟ್ ತಾಗಿದರೆ ಸಾಮಾನ್ಯವಾಗಿ ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ ನಿಮ್ಮ ಅಪ್ಪಣೆಗೆ ಕಾಯುತ್ತದೆ. ಸಂಜೆ ಆರು ಗಂಟೆಗೆ ಲೈವ್ ಸರ್ವರ್‌ಗೆ ಜಿಡಿಬಿ ಅಂಟಿಸುವವರನ್ನು ನೋಡಿದ್ದೇನೆ. ನಿಮ್ಮ ಮಾಲೀಕರು ಹೆದರಬೇಕಾದ್ದು ಅದಕ್ಕೆ.

ದುಬಾರಿ ಆಗುವುದು ಎಲ್ಲಿ

ಮೇಲೆ ಹೇಳಿದ ಸುತ್ತಾಟಕ್ಕೆ ಈಗಿನ ಯಂತ್ರಗಳಲ್ಲಿ ಅಂದಾಜು ಒಂದೆರಡು ಮೈಕ್ರೊಸೆಕೆಂಡ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ರಿಟರ್ನ್ ಪ್ರೋಬ್ ಸೇರಿಸಿದರೆ ಅದರ ದುಪ್ಪಟ್ಟು. ಸೆಕೆಂಡಿಗೆ 200 ಸಲ ಓಡುವ ಫಂಕ್ಷನ್‌ಗೆ 4 ಮೈಕ್ರೊಸೆಕೆಂಡ್‌ನಂತೆ ಲೆಕ್ಕ ಹಾಕಿದರೂ ಒಂದು ಸೆಕೆಂಡಿನಲ್ಲಿ ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ. ಚೀಟಿ ಕೊಡುವ ಹುಡುಗನಿಗೂ ಗೊತ್ತಾಗಲ್ಲ.

ಅದೇ ಪ್ರೋಬನ್ನು ಮೆಮೊರಿ ಕೇಳುವ ಮ್ಯಾಲಕ್ ಫಂಕ್ಷನ್ ಮೇಲೆ ಇಡಿ. ಸೆಕೆಂಡಿಗೆ ಐದು ಲಕ್ಷ ಸಲ ಮೆಮೊರಿ ಕೇಳುವ ಪ್ರೋಗ್ರಾಂ ಆದರೆ ತಲಾ 2 ಮೈಕ್ರೊಸೆಕೆಂಡ್‌ನಂತೆ ಪೂರ್ತಿ ಒಂದು ಸೆಕೆಂಡ್ ಆಯಿತು. ಅಂದರೆ ಒಂದು ಕೋರ್ ಪ್ರೋಬ್‌ಗೇ ಹೋಯಿತು. ಮೇಲಾಗಿ 5.4ರಂಥ ಹಳೆಯ ಕರ್ನೆಲ್‌ಗಳಲ್ಲಿ ಪ್ರೋಬ್ ಹುಡುಕುವಾಗ ಎಲ್ಲರೂ ಒಂದೇ ಲಾಕ್‌ಗೆ ಸಾಲು ನಿಲ್ಲಬೇಕು. ಥ್ರೆಡ್ ಜಾಸ್ತಿ ಇದ್ದಷ್ಟೂ ಸಾಲು ಉದ್ದ. 6ರ ಸರಣಿಯ ಇತ್ತೀಚಿನ ಕರ್ನೆಲ್‌ಗಳಲ್ಲಿ ಇದನ್ನು ಬಹಳಷ್ಟು ಸುಧಾರಿಸಿದ್ದಾರೆ, ಆದರೆ ನೀವು ಅಲ್ಲಿಲ್ಲ. ‘ಯುಪ್ರೋಬ್ ಹಾಕಿದೆ, ಸರ್ವರ್ ಸತ್ತೇ ಹೋಯ್ತು’ ಅನ್ನುವ ಕತೆಗಳ ಬುಡ ಕೆದಕಿದರೆ ಹೆಚ್ಚಾಗಿ ಸಿಗುವುದು ಹೀಗೆ ಬಿಸಿ ಫಂಕ್ಷನ್‌ಗೆ ಹಾಕಿದ ಪ್ರೋಬ್.

ಆದ್ದರಿಂದ ನನ್ನ ಒಂದೇ ಒತ್ತಾಯ: ಮೊದಲು ಎಣಿಸಿ. ಸಮಯ ಅಳೆಯಬೇಡಿ, ಆರ್ಗ್ಯುಮೆಂಟ್ ಓದಬೇಡಿ, ಪರದೆಗೆ ಪ್ರಿಂಟ್ ಮಾಡಬೇಡಿ. ಪ್ರವೇಶದ ಪ್ರೋಬ್ ಒಂದನ್ನೇ ಹತ್ತು ಸೆಕೆಂಡ್ ಇಟ್ಟು ಎಷ್ಟು ಸಲ ತಾಗಿತು ಅಂತ ನೋಡಿ. ಅದನ್ನೂ ಮಧ್ಯಾಹ್ನ ಊಟದ ಹೊತ್ತಿಗೆ, ಗೇಟು ಖಾಲಿ ಇದ್ದಾಗ ಮಾಡಿ. ಸಂಜೆ ಅದರ ಐದಾರು ಪಟ್ಟು ಬರುತ್ತದೆ ಅಂತ ಲೆಕ್ಕ ಹಾಕಿಕೊಂಡು ಮುಂದಿನದನ್ನು ತೀರ್ಮಾನಿಸಿ.

ನಿಜವಾಗಿ ಕ್ರ್ಯಾಶ್ ಮಾಡಿಸುವ ದಾರಿಗಳು

ಒಂದು, ತಪ್ಪು ಆಫ್‌ಸೆಟ್. ನಿಮ್ಮ ಸೋರ್ಸ್ ಕೋಡ್ ಮತ್ತು ಓಡುತ್ತಿರುವ ಬೈನರಿ (ಕಂಪೈಲ್ ಆದ ಪ್ರೋಗ್ರಾಂ ಫೈಲ್) ಒಂದೇ ಅನ್ನುವ ಗ್ಯಾರಂಟಿ ಇಲ್ಲ ಅಂದಿರಿ. ಹಾಗಿದ್ದ ಮೇಲೆ ಮನೆಯಲ್ಲಿ ಕಂಪೈಲ್ ಮಾಡಿ, ಅದರಿಂದ ಆಫ್‌ಸೆಟ್ ತೆಗೆದು ಲೈವ್ ಬೈನರಿಗೆ ಹಾಕುವುದು ಬೇಡವೇ ಬೇಡ. ಎಕ್ಸ್86ನಲ್ಲಿ ಇನ್‌ಸ್ಟ್ರಕ್ಷನ್‌ಗಳ ಉದ್ದ ಒಂದೇ ಅಲ್ಲ, 1ರಿಂದ 15 ಬೈಟ್ ತನಕ ಇರುತ್ತವೆ. ನಿಮ್ಮ ಆಫ್‌ಸೆಟ್ ಒಂದರ ಮಧ್ಯಕ್ಕೆ ಬಿದ್ದರೆ ಕರ್ನೆಲ್‌ಗೆ ಅದು ಗೊತ್ತಾಗಲ್ಲ. ಅಲ್ಲಿಂದ ಓದಿದ್ದು ಯಾವುದೋ ಇನ್‌ಸ್ಟ್ರಕ್ಷನ್‌ನಂತೆ ಕಂಡರೆ ಒಪ್ಪಿಕೊಂಡುಬಿಡುತ್ತದೆ. ಆಮೇಲೆ ಪ್ರೋಗ್ರಾಂ ಅರ್ಧ ಮುರಿದ ಇನ್‌ಸ್ಟ್ರಕ್ಷನ್ ಓಡಿಸುತ್ತದೆ. ಕ್ರ್ಯಾಶ್ ಆದರೆ ಪುಣ್ಯ. ಆಗದೆ ತಪ್ಪು ತೂಕ ಬರೆದುಕೊಂಡರೆ? ಬೈನರಿಯಲ್ಲೇ ಇರುವ ಸಿಂಬಲ್ ಟೇಬಲ್ ಅನ್ನುವ ಹೆಸರುಗಳ ಪಟ್ಟಿಯಿಂದ ಫಂಕ್ಷನ್ ಹೆಸರು ಹಿಡಿದು, ಅದರ ಮೊದಲ ಇನ್‌ಸ್ಟ್ರಕ್ಷನ್‌ಗೆ ಮಾತ್ರ ಹಾಕಿ. ಸಿಂಬಲ್‌ಗಳನ್ನು ಸ್ಟ್ರಿಪ್ ಮಾಡಿ ತೆಗೆದುಬಿಟ್ಟಿದ್ದಾರೆಯೇ? ಆ ಬೈನರಿಯನ್ನು ಬಿಟ್ಟುಬಿಡಿ, ಕೆಳಗೆ ಬೇರೆ ಬಾಗಿಲು ಹೇಳುತ್ತೇನೆ.

ಎರಡು, ರಿಟರ್ನ್ ಪ್ರೋಬ್. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ನಿಮ್ಮ ಗೋ ಪ್ರಶ್ನೆಗೂ ಉತ್ತರ ಸಿಗುತ್ತದೆ. ಫಂಕ್ಷನ್‌ನಿಂದ ಹೊರಬರುವ ದಾರಿಗಳು ಹತ್ತಾರು ಇರಬಹುದು. ಎಲ್ಲದಕ್ಕೂ ಇಂಟ್3 ಹಾಕುವ ಬದಲು ಕರ್ನೆಲ್ ಪ್ರವೇಶದಲ್ಲೇ ಸ್ಟ್ಯಾಕ್ (ಯಾರು ಯಾರನ್ನು ಕರೆದರು ಅನ್ನುವ ಲೆಕ್ಕ ಇಡುವ ಮೆಮೊರಿ) ಮೇಲಿನ ರಿಟರ್ನ್ ವಿಳಾಸವನ್ನು ತೆಗೆದು, ಕರ್ನೆಲ್‌ಗೆ ವಾಪಸ್ ಹಾರಿಸುವ ತನ್ನ ಟ್ರ್ಯಾಂಪೊಲಿನ್ ಕೋಡ್‌ನ ವಿಳಾಸ ಇಡುತ್ತದೆ. ಮೂಲ ವಿಳಾಸವನ್ನು ತನ್ನ ಬಳಿ ನೆನಪಿಟ್ಟುಕೊಳ್ಳುತ್ತದೆ. ಫಂಕ್ಷನ್ ಮುಗಿದಾಗ ಥ್ರೆಡ್ ಟ್ರ್ಯಾಂಪೊಲಿನ್‌ಗೆ ಬಂದು ಬೀಳುತ್ತದೆ, ಕರ್ನೆಲ್ ಹ್ಯಾಂಡ್ಲರ್ ಓಡಿಸಿ ಅಸಲಿ ಜಾಗಕ್ಕೆ ಕಳಿಸುತ್ತದೆ. ಒಂದರೊಳಗೊಂದು 64 ಆಳದ ತನಕ ಲೆಕ್ಕ ಇಡುತ್ತದೆ. ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಅದಕ್ಕಿಂತ ಆಳ ಹೋದರೆ ಮುಂದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ.

ಸಿ, ಸಿ ಪ್ಲಸ್ ಪ್ಲಸ್‌ಗೆ ಸಾಮಾನ್ಯವಾಗಿ ಇದರಿಂದ ತೊಂದರೆ ಇಲ್ಲ. ಆದರೆ ಸಿ ಪ್ಲಸ್ ಪ್ಲಸ್ ಎಕ್ಸೆಪ್ಷನ್ ಎಸೆದಾಗ ರನ್‌ಟೈಮ್ ಸ್ಟ್ಯಾಕ್ ಮೇಲೆ ಹಿಂದೆ ಹಿಂದೆ ನಡೆದು ಹಿಡಿಯುವವರನ್ನು ಹುಡುಕುತ್ತದೆ. ದಾರಿಯಲ್ಲಿ ಟ್ರ್ಯಾಂಪೊಲಿನ್ ವಿಳಾಸ ಸಿಕ್ಕರೆ ಅದಕ್ಕೆ ದಿಕ್ಕು ತಪ್ಪುತ್ತದೆ, ಪ್ರೋಗ್ರಾಂ ಅಬಾರ್ಟ್ ಆಗಬಹುದು. ಎಕ್ಸೆಪ್ಷನ್ ಹಾದುಹೋಗುವ ಫಂಕ್ಷನ್‌ಗಳಿಗೆ ರಿಟರ್ನ್ ಪ್ರೋಬ್ ಬೇಡ. ಶುದ್ಧ ಸಿ ಲೈಬ್ರರಿಯ ಫಂಕ್ಷನ್ ಆರಿಸಿಕೊಂಡರೆ ಈ ಗೊಡವೆ ಇಲ್ಲ.

ಗೋ ಮಾತ್ರ ಬೇರೆ ಪ್ರಾಣಿ. ಅಲ್ಲಿ ಪ್ರತಿ ಗೋರುಟೀನ್ (ಗೋ ಭಾಷೆಯ ಹಗುರ ಥ್ರೆಡ್) ಸಾಮಾನ್ಯವಾಗಿ 2 ಕೆಬಿಯಷ್ಟು ಪುಟ್ಟ ಸ್ಟ್ಯಾಕ್‌ನಿಂದ ಶುರುವಾಗುತ್ತದೆ. ಸಾಲದಾದಾಗ ರನ್‌ಟೈಮ್ ದೊಡ್ಡ ಜಾಗ ಮಾಡಿ ಇಡೀ ಸ್ಟ್ಯಾಕನ್ನೇ ಎತ್ತಿ ಅಲ್ಲಿಗೆ ನಕಲಿಸುತ್ತದೆ. ನಕಲಿಸುವಾಗ ಒಂದೊಂದು ರಿಟರ್ನ್ ವಿಳಾಸವನ್ನೂ ನೋಡುತ್ತದೆ. ತನಗೆ ಗೊತ್ತಿಲ್ಲದ ಟ್ರ್ಯಾಂಪೊಲಿನ್ ವಿಳಾಸ ಕಂಡರೆ ‘ಇದೇನಿದು’ ಅಂತ ಅಲ್ಲೇ ಪ್ರೊಸೆಸ್ಸನ್ನು ಸಾಯಿಸುತ್ತದೆ. ಪರೀಕ್ಷೆ ಮಾಡುವಾಗ ಸ್ಟ್ಯಾಕ್ ಬೆಳೆಯದೇ ಇದ್ದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಲೋಡ್ ಬಂದ ಸಂಜೆ ಬೀಳುತ್ತದೆ. ಎಸ್‌ಎಂಎಸ್ ಸರ್ವಿಸ್‌ಗೆ ಪ್ರವೇಶದ ಪ್ರೋಬ್ ಬೇಕಾದರೆ ಹಾಕಿ, ರಿಟರ್ನ್ ಪ್ರೋಬ್ ಖಂಡಿತ ಬೇಡ. ಗೋ ಫಂಕ್ಷನ್ ಮುಗಿಯುವ ಹೊತ್ತು ಬೇಕೇ ಬೇಕು ಅನ್ನುವವರು ಬೈನರಿಯನ್ನು ಡಿಸ್‌ಅಸೆಂಬಲ್ ಮಾಡಿ, ಫಂಕ್ಷನ್‌ನಿಂದ ಮರಳುವ ಪ್ರತಿ ರೆಟ್ ಇನ್‌ಸ್ಟ್ರಕ್ಷನ್‌ಗೂ ಸಾಮಾನ್ಯ ಯುಪ್ರೋಬ್ ಹಾಕುತ್ತಾರೆ. ನಿಮಗೆ ಅಷ್ಟು ತಲೆನೋವು ಬೇಕಿಲ್ಲ. ನಿಂತಿರುವುದು ಚೀಟಿ, ಎಸ್‌ಎಂಎಸ್ ಅಲ್ಲ.

ಮೂರನೆಯದು ನಿಮ್ಮ ಈಗಿನ ಕರ್ನೆಲ್‌ಗೆ ಅನ್ವಯಿಸಲ್ಲ, ಆದರೆ ಮುಂದೆ ಅಪ್‌ಗ್ರೇಡ್ ಮಾಡುವಾಗ ನೆನಪಿರಲಿ. 6.11ರಿಂದ ಎಕ್ಸ್86-64ನಲ್ಲಿ ರಿಟರ್ನ್ ಪ್ರೋಬ್‌ನ ಟ್ರ್ಯಾಂಪೊಲಿನ್ ಇಂಟ್3 ಬದಲು ಒಂದು ವಿಶೇಷ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕರೆ) ಬಳಸುತ್ತದೆ. ವೇಗ ಜಾಸ್ತಿ ಆಯಿತು, ಆದರೆ ಡಾಕರ್‌ನಂಥ ಕಂಟೈನರ್‌ಗಳ ಸೆಕ್‌ಕಾಂಪ್ ಪಟ್ಟಿಯಲ್ಲಿ (ಯಾವ ಸಿಸ್ಟಮ್ ಕಾಲ್‌ಗೆ ಅನುಮತಿ ಅಂತ ಹೇಳುವ ಪಟ್ಟಿ) ಆ ಹೊಸ ಸಿಸ್ಟಮ್ ಕಾಲ್ ಇರಲಿಲ್ಲ. ಡಾಕರ್ ಒಳಗಿನ ಪ್ರೊಸೆಸ್‌ಗೆ ಹೊರಗಿನಿಂದ ಪ್ರೋಬ್ ಹಾಕಿದರೆ ಒಳಗಿನದು ಸಾಯುತ್ತಿತ್ತು. ಆಮೇಲೆ ಸೆಕ್‌ಕಾಂಪ್ ಇದನ್ನು ತಡೆಯದಂತೆ ಕರ್ನೆಲ್‌ನಲ್ಲೇ ತಿದ್ದಿದರು.

ನಿಮ್ಮ ಜಾಗದಲ್ಲಿ ನಾನಿದ್ದರೆ

ಪ್ರೋಬ್ ಹಾಕುವ ಮೊದಲು ಪುಕ್ಕಟೆ ಸಿಗುವ ಎರಡು ಸಾಕ್ಷಿಗಳನ್ನು ತೆಗೆಯುತ್ತಿದ್ದೆ. ಪೋಸ್ಟ್‌ಗ್ರೆಸ್ ಸೆಟ್ಟಿಂಗ್‌ನಲ್ಲಿ ಲಾಗ್ ಮಿನ್ ಡ್ಯುರೇಷನ್ ಸ್ಟೇಟ್‌ಮೆಂಟ್ ಅನ್ನು ಒಂದು ಸೆಕೆಂಡ್‌ಗೆ ಇಡಿ, ಲಾಗ್ ಲಾಕ್ ವೇಟ್ಸ್ ಆನ್ ಮಾಡಿ. ಎರಡಕ್ಕೂ ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ. ಒಂದು ಸಂಜೆ ಕಳೆದ ಮೇಲೆ ಲಾಗ್ ನೋಡಿ. ಆಫೀಸಿನಲ್ಲಿ ಯಾರೋ ಔಟ್‌ಟರ್ನ್ (ಕ್ಯೂರಿಂಗ್ ಆದ ಮೇಲೆ ಸಿಕ್ಕ ಕಾಫಿಯ ಲೆಕ್ಕ) ತಿದ್ದುವ ಸ್ಕ್ರೀನ್ ತೆರೆದು, ಡೇಟಾಬೇಸ್ ಟೇಬಲ್‌ನ ಸಾಲನ್ನು ಲಾಕ್ ಮಾಡಿ, ಟ್ರಾನ್ಸಾಕ್ಷನ್ ಮುಗಿಸದೆ ಫೋನಿನಲ್ಲಿ ಮಾತಾಡುತ್ತಾ ಕೂತಿದ್ದರೆ ಇಲ್ಲೇ ಸಿಕ್ಕಿಬೀಳುತ್ತಾರೆ. ಒಂದು ಮಾತು, ಸುಮ್ನೆ ರಿಪೋರ್ಟ್ ತೆಗೆಯುವವರ ಮೇಲೆ ಗೂಬೆ ಕೂರಿಸಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ.

ಇನ್ನೊಂದು, ಚೀಟಿ ನಿಂತ ಆ ಎಂಟು ಸೆಕೆಂಡಿನಲ್ಲಿ ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್‌ನ ಪ್ರತಿ ಥ್ರೆಡ್‌ನ ‘ಸ್ಟ್ಯಾಕ್’ ಫೈಲನ್ನು ರೂಟ್ ಆಗಿ ಓದುವುದು. ಥ್ರೆಡ್ ಕರ್ನೆಲ್‌ನಲ್ಲಿ ಎಲ್ಲಿ ಮಲಗಿದೆ ಅಂತ ಅದೇ ಹೇಳುತ್ತದೆ. ಫ್ಯೂಟೆಕ್ಸ್ ಅಂತ ಕಂಡರೆ ಒಳಗಿನ ಲಾಕ್. ಟಿಟಿವೈ ರೀಡ್ ಕಂಡರೆ ಸೀರಿಯಲ್ ಕೇಬಲ್, ಅಂದರೆ ಇಂಡಿಕೇಟರ್ ತೂಕ ಕಳಿಸಿಲ್ಲ. ಪೋಲ್ ಕಂಡರೆ ಬಹುಶಃ ಡೇಟಾಬೇಸ್ ಸಾಕೆಟ್. ಸೆಕೆಂಡಿಗೊಮ್ಮೆ ಓದಿ ಫೈಲಿಗೆ ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕು. ಹತ್ತರಲ್ಲಿ ಐದಾರು ಕೇಸು ಇಲ್ಲಿಗೇ ಮುಗಿಯುತ್ತವೆ ಅನ್ನುವುದು ನನ್ನ ಅನಿಸಿಕೆ.

ಪೋಲ್ ಕಂಡು, ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ಆಗ ಯುಪ್ರೋಬ್‌ಗೆ ಬನ್ನಿ. ಮೇಲೆ ಹೇಳಿದ ಬೇರೆ ಬಾಗಿಲು ಇದು. ನಿಮ್ಮ ಬೈನರಿ ಸ್ಟ್ರಿಪ್ ಆಗಿದ್ದರೂ ಅದು ಬಳಸುವ ಶೇರ್ಡ್ ಲೈಬ್ರರಿಯ ಹೊರಗಿನ ಫಂಕ್ಷನ್ ಹೆಸರುಗಳು ಇದ್ದೇ ಇರುತ್ತವೆ. ಇಲ್ಲದಿದ್ದರೆ ಪ್ರೋಗ್ರಾಂ ಲೈಬ್ರರಿಗೆ ಜೋಡಿಸಿಕೊಳ್ಳುವುದಾದರೂ ಹೇಗೆ? ಪೋಸ್ಟ್‌ಗ್ರೆಸ್‌ನ ಕ್ಲೈಂಟ್ ಲೈಬ್ರರಿ ಲಿಬ್‌ಪಿಕ್ಯೂ. ಅದರಲ್ಲಿ ಪಿಕ್ಯೂಎಕ್ಸೆಕ್ ಅನ್ನುವ ಫಂಕ್ಷನ್ ಕ್ವೆರಿ ಕಳಿಸಿ ಉತ್ತರ ಬರುವ ತನಕ ಕಾಯುತ್ತದೆ. ಶುದ್ಧ ಸಿ, ಸೆಕೆಂಡಿಗೆ ಕೆಲವು ನೂರು ಸಲ ಓಡಿದರೆ ಹೆಚ್ಚು. ಪ್ರೋಬ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಣಿಕೆ ಸೊನ್ನೆ ಬಂದರೆ ಗಾಬರಿ ಬೇಡ. ನಿಮ್ಮ ಪ್ರೋಗ್ರಾಂ ಪಿಕ್ಯೂಎಕ್ಸೆಕ್‌ಪ್ಯಾರಮ್ಸ್ ಅಥವಾ ಪಿಕ್ಯೂಎಕ್ಸೆಕ್‌ಪ್ರಿಪೇರ್ಡ್ ಬಳಸುತ್ತಿರಬಹುದು, ಅಲ್ಲಿ ನೋಡಿ. ಅಲ್ಲೂ ಸೊನ್ನೆ ಆದರೆ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಬೈನರಿಯೊಳಗೇ ಸೇರಿಸಿರಬಹುದು.

ಎಣಿಕೆ ಕಡಿಮೆ ಅಂತ ಖಾತ್ರಿಯಾದ ಮೇಲೆ ಪ್ರವೇಶದಲ್ಲಿ ಸಮಯ ಬರೆದುಕೊಂಡು, ರಿಟರ್ನ್‌ನಲ್ಲಿ ವ್ಯತ್ಯಾಸ ನೋಡಿ. ಒಂದು ಸೆಕೆಂಡ್‌ಗಿಂತ ಜಾಸ್ತಿ ಆದವನ್ನು ಮಾತ್ರ ಪ್ರಿಂಟ್ ಮಾಡಿ. ಪ್ರೊಸೆಸ್ ಐಡಿ ಕೊಟ್ಟು ನಿಮ್ಮ ಪ್ರೋಗ್ರಾಂ ಒಂದಕ್ಕೇ ಸೀಮಿತಗೊಳಿಸಿ. ಇಲ್ಲದಿದ್ದರೆ ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಸೇರಿ ಲಿಬ್‌ಪಿಕ್ಯೂ ಬಳಸುವ ಎಲ್ಲರಿಗೂ ಪ್ರೋಬ್ ತಾಗುತ್ತದೆ. ಹಾಳಾಗುವುದೇನಿಲ್ಲ, ಆದರೆ ಯಾರದ್ದು ಯಾವುದು ಅಂತ ಗೊತ್ತಾಗದೆ ಒದ್ದಾಡುತ್ತೀರಿ. ಪಿಕ್ಯೂಎಕ್ಸೆಕ್‌ನ ಎರಡನೇ ಆರ್ಗ್ಯುಮೆಂಟ್‌ನಲ್ಲಿ ಕ್ವೆರಿಯ ಪಠ್ಯ ಇರುತ್ತದೆ. ಪ್ರವೇಶದ ಪ್ರೋಬ್‌ನಲ್ಲಿ ಅದನ್ನೂ ಓದಿಟ್ಟುಕೊಳ್ಳಬಹುದು. ಕೆಲವೊಮ್ಮೆ ಅದು ಖಾಲಿ ಬರುತ್ತದೆ. ಆ ಪುಟ ಆ ಕ್ಷಣ ಮೆಮೊರಿಯಲ್ಲಿ ಇಲ್ಲದಿದ್ದರೆ ಬಿಪಿಎಫ್ ಪ್ರೋಗ್ರಾಂ (ಬಿಪಿಎಫ್‌ಟ್ರೇಸ್ ಕರ್ನೆಲ್‌ನಲ್ಲಿ ಓಡಿಸುವ ಹ್ಯಾಂಡ್ಲರ್) ಅದನ್ನು ತರಿಸಿಕೊಳ್ಳಲು ಕಾಯುವುದಿಲ್ಲ, ಕೈಬಿಡುತ್ತದೆ. ಯುಪ್ರೋಬ್ ಕಾಯಬಲ್ಲದು, ಆದರೆ ಅದರ ಮೇಲೆ ಕೂತ ಸಾಮಾನ್ಯ ಬಿಪಿಎಫ್ ಕಾಯಲಾರದು. ಪ್ರೋಬ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಸ್ಟ್ಯಾಕ್‌ನಲ್ಲಿ ಫ್ಯೂಟೆಕ್ಸ್ ಕಂಡಿದ್ದರೆ ಪಿಥ್ರೆಡ್ ಮ್ಯೂಟೆಕ್ಸ್ ಲಾಕ್ ಫಂಕ್ಷನ್‌ಗೆ ಯುಪ್ರೋಬ್ ಹಾಕುವ ಆಸೆ ಆಗುತ್ತದೆ. ಬೇಡ. ಅದು ಮ್ಯಾಲಕ್‌ನಷ್ಟೇ ಬಿಸಿ. ಲಾಕ್ ಸಲೀಸಾಗಿ ಸಿಕ್ಕಾಗ ಥ್ರೆಡ್ ಕರ್ನೆಲ್‌ಗೆ ಬರುವುದೇ ಇಲ್ಲ, ಕಾಯಬೇಕಾದಾಗ ಮಾತ್ರ ಫ್ಯೂಟೆಕ್ಸ್ ಸಿಸ್ಟಮ್ ಕಾಲ್ ಮಾಡುತ್ತದೆ. ಆದ್ದರಿಂದ ಆ ಸಿಸ್ಟಮ್ ಕಾಲ್‌ನ ಟ್ರೇಸ್‌ಪಾಯಿಂಟ್ (ಕರ್ನೆಲ್‌ನಲ್ಲೇ ಮೊದಲೇ ಇಟ್ಟಿರುವ ಗಮನಿಸುವ ಜಾಗ) ಹಿಡಿದರೆ ನಿಮಗೆ ಬೇಕಾದ್ದು ಮಾತ್ರ ಸಿಗುತ್ತದೆ, ಖರ್ಚೂ ಕಡಿಮೆ.

ಇನ್ನೊಂದು ಎಚ್ಚರಿಕೆ, ಇದು ಕರ್ನೆಲ್‌ಗೆ ಸಂಬಂಧಿಸಿದ್ದಲ್ಲ. 5.4ರಲ್ಲಿ ಇದಕ್ಕೆಲ್ಲ ರೂಟ್ ಅಧಿಕಾರ ಬೇಕು. ಕ್ವೆರಿಯ ಪಠ್ಯದಲ್ಲಿ ಬೆಳೆಗಾರರ ಹೆಸರು, ಬ್ಯಾಂಕ್ ಖಾತೆ, ಎಷ್ಟು ಚೀಲ, ಎಷ್ಟು ಹಣ ಎಲ್ಲ ಇರುತ್ತದೆ. ಆ ಔಟ್‌ಪುಟ್ಟನ್ನು ಹಾಗೇ ಗೆಳೆಯನ ವಾಟ್ಸಾಪ್‌ಗೆ ಕಳಿಸಬೇಡಿ. ಮೊದಲ ನಲವತ್ತು ಅಕ್ಷರ ಮಾತ್ರ ಇಟ್ಟುಕೊಂಡರೆ ಸಾಮಾನ್ಯವಾಗಿ ಯಾವ ಕ್ವೆರಿ ಅಂತ ಗೊತ್ತಾಗಲು ಸಾಕು.

ತೆಗೆಯುವುದು

ಬಿಪಿಎಫ್‌ಟ್ರೇಸ್ ನಿಲ್ಲಿಸಿದರೆ ಪ್ರೋಬ್ ಹೋಗುತ್ತದೆ. ಅದು ಮಧ್ಯದಲ್ಲಿ ಸತ್ತರೆ? 4.17ರಿಂದ ಯುಪ್ರೋಬನ್ನು ಒಂದು ಫೈಲ್ ಡಿಸ್ಕ್ರಿಪ್ಟರ್‌ಗೆ (ಟೂಲ್ ತೆರೆದಿಟ್ಟುಕೊಂಡ ಫೈಲಿನ ಹಿಡಿಕೆ) ಕಟ್ಟಿಡುವ ದಾರಿ ಬಂತು. ಆ ದಾರಿ ಬಳಸಿದ್ದರೆ ಟೂಲ್ ಸತ್ತ ಕೂಡಲೇ ಡಿಸ್ಕ್ರಿಪ್ಟರ್ ಮುಚ್ಚುತ್ತದೆ, ಕರ್ನೆಲ್ ತಾನೇ ಮೂಲ ಬೈಟನ್ನು ವಾಪಸ್ ಬರೆಯುತ್ತದೆ. ಆದರೆ ಪರ್ಫ್ ಪ್ರೋಬ್ ಕಮಾಂಡ್‌ನಿಂದಲೋ, ಟ್ರೇಸ್‌ಎಫ್‌ಎಸ್‌ನ (ಕರ್ನೆಲ್‌ನ ಟ್ರೇಸಿಂಗ್ ಡೈರೆಕ್ಟರಿ) ಯುಪ್ರೋಬ್ ಈವೆಂಟ್ಸ್ ಫೈಲಿಗೆ ಕೈಯಾರೆ ಬರೆದೋ ಸೇರಿಸಿದ್ದು ತಾನಾಗಿ ಹೋಗುವುದಿಲ್ಲ. ಎನೇಬಲ್ ಆಗಿದ್ದರೆ ನೀವು ಮನೆಗೆ ಹೋದ ಮೇಲೂ ತಾಗುತ್ತಲೇ ಇರುತ್ತದೆ. ಎದ್ದು ಹೋಗುವ ಮೊದಲು ಆ ಫೈಲ್ ಖಾಲಿ ಇದೆಯಾ ನೋಡಿ. ಅದರಲ್ಲಿ ಪ್ರೋಬ್ ಏನಾದರೂ ಉಳಿದಿದ್ದರೆ ಮೊದಲು ಡಿಸೇಬಲ್ ಮಾಡಿ, ಆಮೇಲೆ ಅಳಿಸಿ.

ರೀಸ್ಟಾರ್ಟ್ ಬೇಕಿಲ್ಲ. ಪ್ರೋಬ್ ತೆಗೆದ ಮೇಲೂ ಪ್ರೊಸೆಸ್‌ನ ಮೆಮೊರಿ ಮ್ಯಾಪ್‌ನಲ್ಲಿ ಚೌಕ ಆವರಣದೊಳಗೆ ‘ಯುಪ್ರೋಬ್ಸ್’ ಅನ್ನುವ ಒಂದು ಸಾಲು ಕಂಡೀತು. ಒಂದೇ ಹೆಜ್ಜೆ ಓಡಿಸಲು ಕರ್ನೆಲ್ ಮಾಡಿಕೊಂಡಿದ್ದ ಪುಟ ಅದು. ಒಮ್ಮೆ ಮಾಡಿದರೆ ಆ ಪ್ರೊಸೆಸ್ ಇರುವ ತನಕ ಅಲ್ಲೇ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಸೀಸನ್ ಕಳೆದು ಯಾವತ್ತೋ ನೀವು ಸರ್ವಿಸ್ ರೀಸ್ಟಾರ್ಟ್ ಮಾಡಿದಾಗ ಹೋಗುತ್ತದೆ.